ಮೊದಲು ನೋಡಿದ್ದು, ಆಮೇಲೆ ತಿಳಿದದ್ದು

ಪ್ರೀತಿಯ ತಂಗಿ,

ಇಂಗ್ಲೆಂಡಿನ ಪೂರ್ವ ಕರಾವಳಿಯ ಆಲ್ಡ್‌ಬರೊಗೆ ಹೋಗಿಬಂದದ್ದರ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಶನಿವಾರ ಬೆಳಿಗ್ಗೆ ಎದ್ದು, ಎಲ್ಲಿಗೆ ಅಂತಲೂ ಯೋಚಿಸದೆ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ರೈಲು ಹತ್ತಿಬಿಟ್ಟೆಯಲ್ಲ, ಓದಿ ಖುಷಿಯಾಯಿತು. ಇಪ್ಸ್‌ವಿಚ್‌ನಲ್ಲಿ ರೈಲು ಬದಲಿಸಿ, ಸ್ಯಾಕ್ಸ್‌ಮಂಡಮ್‌ನಲ್ಲಿ ಇಳಿದು, ಬಸ್ಸಿಗೆ ಕಾದು ನಿಲ್ಲುವವರೆಗೂ ನಿನ್ನ ಜೊತೆಗೇ ಬಂದೆ. ಊರು ಮುಟ್ಟಿದ ಕೂಡಲೇ ನೀನು ಮಾಯ. ಅಲ್ಲಿಂದ ಬರೀ ಗೂಗಲ್ ಮಾತಾಡುತ್ತದೆ.

ಊರಿನ ಹಳೇ ಸಭಾಭವನ ಮೂಟ್ ಹಾಲ್ ವಿಷಯವನ್ನೇ ನೋಡು. 16ನೇ ಶತಮಾನದ ಕಟ್ಟಡ, ಹಿಂದೆ ಊರ ನಡುವೆ ಇತ್ತು, ಸಮುದ್ರ ಬೀದಿಗಳನ್ನು ನುಂಗುತ್ತಾ ಬಂದು ಈಗ ಅದು ದಡದ ಅಂಚಿಗಿದೆ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೀಯ. ಎಲ್ಲ ನಿಜ. ಆದರೆ ಅದರ ಮುಂದೆ ನಿಂತಾಗ ನಿನಗೆ ಇದ್ಯಾವುದೂ ಗೊತ್ತಿರಲಿಲ್ಲ, ಅಲ್ವಾ? ಮರದ ಚೌಕಟ್ಟಿನ ಇಷ್ಟು ಹಳೇ ಕಟ್ಟಡ ಕಡಲ ಪಕ್ಕ ಯಾಕಪ್ಪಾ ಒಂಟಿಯಾಗಿ ನಿಂತಿದೆ ಅಂತ ಅನ್ನಿಸಿರಬೇಕು. ಓದುವವರಿಗೂ ಸ್ವಲ್ಪ ಹೊತ್ತು ಹಾಗೇ ಅನ್ನಿಸಲಿ ಬಿಡು, ಕಾರಣ ಆಮೇಲೆ ಹೇಳು. ಪ್ಲ್ಯಾನ್ ಇಲ್ಲದೆ ಹೋಗುವುದರಿಂದ ಬರೆಯುವವರಿಗೆ ಸಿಗುವ ದೊಡ್ಡ ಲಾಭ ಇದೇ. ಅದನ್ನು ಬರೆಯಲು ಕೂತಾಗ ಕಳೆದುಕೊಳ್ಳಬೇಡ.

ಆ ಕಡೆ ನಾನು ಕೆಲವು ವರ್ಷ ಇದ್ದೆ. ಒಂದು ಬೇಸಿಗೆಯಲ್ಲಿ ಸುಮ್ನೆ ಅದೇ ಕರಾವಳಿಯ ಸೌತ್‌ವೋಲ್ಡ್‌ಗೆ ಹೋಗಿ, ಹುಟ್ಟುಹಾಕುವ ದೋಣಿಯಲ್ಲಿ ಬ್ಲೈತ್ ನದಿ ದಾಟಿ ವಾಲ್ಬರ್ಸ್‌ವಿಕ್ ಸೇರಿ, ಅಲ್ಲಿಂದ ದಡದ ಗುಂಟ ಡನಿಚ್‌ವರೆಗೆ ನಡೆದೆ. ಡನಿಚ್‌ನಲ್ಲಿ ನೋಡೋಕೆ ಏನಿದೆ? ಒಂದಷ್ಟು ಮನೆ, ಒಂದು ಪಬ್, ಕಲ್ಲಿನ ದಡ. ಆಮೇಲೆ ಗೊತ್ತಾಯಿತು, ಮಧ್ಯಯುಗದಲ್ಲಿ ಅದು ದೊಡ್ಡ ಬಂದರು. 1286ರಿಂದ ಶುರುವಾಗಿ ಬಿರುಗಾಳಿಗಳು ಊರನ್ನು ತಿನ್ನುತ್ತಾ ಬಂದವು, ಉಳಿದಿದ್ದ ಆಲ್ ಸೇಂಟ್ಸ್ ಚರ್ಚು 20ನೇ ಶತಮಾನದ ಆರಂಭದಲ್ಲಿ ತುಂಡುತುಂಡಾಗಿ ಕಡಲಂಚಿನ ಕಡಿದಾದ ದಿಬ್ಬದಿಂದ ಕೆಳಕ್ಕೆ ಬಿತ್ತು. ಊರೇ ಹೆಚ್ಚುಕಡಿಮೆ ಇಲ್ಲದಿದ್ದರೂ 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುತ್ತಿತ್ತು! ಇದನ್ನೆಲ್ಲ ಮೊದಲೇ ಓದಿಕೊಂಡು ಹೋಗಿದ್ದರೆ ನಾನು ಮುಳುಗಿದ ಪಟ್ಟಣವನ್ನೇ ಹುಡುಕುತ್ತಿದ್ದೆ, ಇರುವ ಮನೆಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಊರು ಶಾಂತವಾಗಿತ್ತು ಅಂತ ಮತ್ತೆ ಮತ್ತೆ ಹೇಳುತ್ತೀಯ. ಅಷ್ಟು ಶಾಂತವಾಗಿದ್ದರೆ ನಿನಗೆ ಏನು ಕೇಳಿಸಿತು? ಆಲ್ಡ್‌ಬರೊ ದಡದಲ್ಲಿ ಜಾಸ್ತಿ ಇರುವುದು ನುಣುಪಾದ ಉರುಟುಕಲ್ಲು. ಅಲೆ ಬಡಿಯುವ ಸದ್ದಿಗಿಂತ ಅದು ಹಿಂದಕ್ಕೆ ಸರಿಯುವಾಗ ಕಲ್ಲುಗಳನ್ನು ಎಳೆದುಕೊಂಡು ಹೋಗುವ ಗರಗರ ಸದ್ದೇ ಜೋರು. ಅಂಥದ್ದೊಂದನ್ನು ಬರೆ, ಶಾಂತ ಅನ್ನುವ ಮಾತೇ ಬೇಕಾಗುವುದಿಲ್ಲ.

ಮೀನಿನ ಗುಡಿಸಲಿನ ಮುಂದೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಕ್ರೇಟುಗಳಿಗೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದಳು, ನೀರು ಕಲ್ಲುಗಳ ನಡುವೆ ಇಂಗಿ ಹೋಗುತ್ತಿತ್ತು ಅಂತ ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಇಡೀ ಬರಹದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಅಲ್ಲಿ ನಿಲ್ಲು. ಆಕೆ ನಿನ್ನನ್ನು ನೋಡಿದಳಾ, ಮಾತಾಡಿಸಿದಳಾ, ಮೀನೆಲ್ಲ ಖರ್ಚಾಗಿತ್ತಾ? ನಮಗೆ ರಜೆಯ ದಿನ, ಆಕೆಗೆ ದುಡಿಮೆಯ ದಿನ. ಬೇಕಿದ್ದರೆ ಮೂಟ್ ಹಾಲ್ ಬಿಟ್ಟರೂ ಪರವಾಗಿಲ್ಲ, ಆಕೆಯನ್ನು ಬಿಡಬೇಡ.

ತಿದ್ದಿ ಕಳಿಸು, ಓದುತ್ತೇನೆ. ಡನಿಚ್‌ಗೆ ಹೋದರೆ ಅಲ್ಲೊಂದು ಪುಟ್ಟ ಮ್ಯೂಸಿಯಂ ಇದೆ, ದಡವೆಲ್ಲ ಸುತ್ತಾಡಿದ ಮೇಲೆ ಅದರೊಳಗೆ ಹೋಗು. ವಾಪಸ್ ಬರುವುದು ಹೇಗೆ ಅಂತ ಮಾತ್ರ ಮೊದಲೇ ನೋಡಿಕೋ.

ನಿನ್ನ ಅಕ್ಕ