ಪ್ರಾಯೋಗಿಕ ಪರೀಕ್ಷೆಗೂ ಸಿಇಟಿಯಲ್ಲಿ ಪಾಲಿರಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯು ಅಂಕಗಳೇಕೆ, ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಒಂದೇ ಸಾಲದೇ ಎಂಬ ಮಾತು ಪ್ರವೇಶದ ಹೊತ್ತಿಗೆ ಕೇಳಿಬರುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಇದನ್ನು ಒಪ್ಪಲಾರೆ. ಪಿಯು ಅಂಕಗಳಿಗೆ ಈಗಿರುವ ಅರ್ಧ ಪಾಲನ್ನು ಉಳಿಸಿಕೊಳ್ಳಬೇಕು. ಅದರ ಜೊತೆಗೆ ಪ್ರಯೋಗಾಲಯದ ಕೆಲಸಕ್ಕೂ ಬೆಲೆ ಕಟ್ಟಬೇಕು.

ಸಿಇಟಿಯ ಉಪಕಾರವನ್ನು ನಾನು ಮರೆತಿಲ್ಲ. ದೊಡ್ಡ ಮೊತ್ತದ ವಂತಿಗೆ ಕೊಡಲಾಗದ ಮನೆಗಳ ಮಕ್ಕಳಿಗೆ ಸರ್ಕಾರಿ ಶುಲ್ಕದ ಸೀಟು ಸಿಕ್ಕಿದ್ದು ಅದರಿಂದಲೇ. ಆದರೆ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ ಸಿಗುವುದು 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಕಣ್ಣುಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ 15 ಅಂಕ ದಕ್ಕುತ್ತದೆ. ಇಲ್ಲಿ ಗೆಲ್ಲುವುದು ನೆನಪು ಮತ್ತು ವೇಗ. ವಿದ್ಯುತ್ ರೋಧ ಅಳೆಯುವ ಮೀಟರ್ ಬ್ರಿಡ್ಜ್‌ನ ತಂತಿಯ ಮೇಲೆ ಜಾಕಿ ಎಂಬ ಸ್ಪರ್ಶಕಡ್ಡಿ ಸರಿಸುತ್ತ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕುವುದು, ಮುಳ್ಳು ಒಂದೇ ಕಡೆ ವಾಲುತ್ತಿದ್ದರೆ ಯಾವ ತಂತಿ ಸಡಿಲವಾಗಿದೆಯೆಂದು ತಾನೇ ಪತ್ತೆ ಹಚ್ಚುವುದು, ಮೂರು ಸಲ ಅಳೆದಾಗ ಮೂರು ಉತ್ತರ ಬಂದರೆ ತಾಳ್ಮೆಗೆಡದೆ ಮತ್ತೆ ಅಳೆಯುವುದು, ಬಂದ ಅಂಕಿಯನ್ನು ತಿದ್ದದೆ ಬರೆಯುವುದು, ಇವೆಲ್ಲ ನಾಳೆ ಕಾರ್ಖಾನೆಯಲ್ಲೋ ಕಾಮಗಾರಿಯ ಸ್ಥಳದಲ್ಲೋ ನಿಲ್ಲುವವರಿಗೆ ಬೇಕೇ ಬೇಕು. ಉತ್ತರ ಗುರುತಿಸುವ ಓಎಂಆರ್ ಹಾಳೆಯಲ್ಲಿ ಇದಕ್ಕೆ ಜಾಗವಿಲ್ಲ.

ಒಂದೇ ಪರೀಕ್ಷೆಯನ್ನು ನೆಚ್ಚಿಕೊಂಡರೆ ಏನಾಗಬಹುದು ಎಂಬುದನ್ನು 2024ರಲ್ಲಿ ಕಂಡಿದ್ದೇವೆ. ಆ ವರ್ಷದ ಸಿಇಟಿಯಲ್ಲಿ ಪಠ್ಯಕ್ರಮದಿಂದ ಹೊರಗಿನ ಪ್ರಶ್ನೆಗಳು ಬಂದು, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅವುಗಳೊಂದಿಗೆ ಹೆಣಗಿ ಸಮಯ ಕಳೆದುಕೊಂಡ ಮಕ್ಕಳಿಗೆ ಆ ನಿಮಿಷಗಳನ್ನು ಯಾರೂ ಹಿಂತಿರುಗಿಸಲಿಲ್ಲ. ಪಿಯು ಅಂಕಗಳ ಆಸರೆಯಾದರೂ ಇತ್ತು. ವೈದ್ಯಕೀಯ ಸೀಟಿಗೆ ಆ ಆಸರೆಯೂ ಇಲ್ಲ. ನೀಟ್ ಅಂಕವೇ ಎಲ್ಲ, ಪಿಯು ಅಂಕ ಬರೀ ಅರ್ಹತೆಗೆ.

ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ತಲಾ 30 ಪ್ರಾಯೋಗಿಕ ಅಂಕಗಳಿವೆಯಲ್ಲ ಎನ್ನಬಹುದು. ಇವೆ. ಆದರೆ ಎಷ್ಟೋ ಕಡೆ ಲ್ಯಾಬ್ ಅವಧಿಯನ್ನು ಬಹು ಆಯ್ಕೆ ಪ್ರಶ್ನೆಗಳ ತರಬೇತಿ ನುಂಗಿಹಾಕಿದೆ. ವರ್ಷದ ಕೊನೆಗೆ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಿಸಿ, ಎಲ್ಲರಿಗೂ ಪೂರ್ಣ ಅಂಕ ಹಂಚಲಾಗುತ್ತದೆ. ದ್ರವ ಅಳೆಯುವ ಬ್ಯುರೆಟ್ ಹಿಡಿಯಲು ಬಾರದ ವಿದ್ಯಾರ್ಥಿಗೂ 30ಕ್ಕೆ 30 ಬಂದರೆ, ಶ್ರದ್ಧೆಯಿಂದ ಪ್ರಯೋಗ ಮಾಡಿದವನಿಗೆ ನಾವು ಹೇಳುವುದೇನು?

ಕೈಕೆಲಸವನ್ನು ಪರೀಕ್ಷಿಸುವುದು ಕಷ್ಟ ಎಂಬ ನೆಪ ನಮ್ಮ ರಾಜ್ಯದಲ್ಲಿ ನಿಲ್ಲುವುದಿಲ್ಲ. ಕೃಷಿ ಪದವಿಯ ಕೃಷಿಕರ ಕೋಟಾದ ಸೀಟುಗಳಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತ ಬಂದಿದೆ. ಎಂಜಿನಿಯರಿಂಗ್ ಆಕಾಂಕ್ಷಿಗಳ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು, ಹಾಗಾಗಿ ಹೊಸ ಪರೀಕ್ಷೆ ಬೇಡ. ಪಿಯು ಪ್ರಾಯೋಗಿಕ ಪರೀಕ್ಷೆಯನ್ನೇ ಬೇರೆ ಕಾಲೇಜಿನ ಕೇಂದ್ರದಲ್ಲಿ, ಹೊರಗಿನ ಇಬ್ಬರು ಪರೀಕ್ಷಕರ ಮುಂದೆ, ಚೀಟಿ ಎತ್ತಿ ಬಂದ ಪ್ರಯೋಗದ ಮೇಲೆ ನಡೆಸಲಿ. ಆ ಅಂಕಕ್ಕೆ ರ‍್ಯಾಂಕ್‌ನಲ್ಲಿ ಪ್ರತ್ಯೇಕ ಪಾಲು ಕೊಡಲಿ. ಸರ್ಕಾರಿ ಕಾಲೇಜುಗಳ ಖಾಲಿ ಪ್ರಯೋಗಾಲಯಗಳಿಗೆ ಉಪಕರಣ ಒದಗಿಸಿದ ಮೇಲೆಯೇ ಇದು ಜಾರಿಗೆ ಬರಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದು ಹಳ್ಳಿಯ ಮಕ್ಕಳಿಗೇ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಸಿಂಧನೂರು