ಸೈಕಲ್ ತಳ್ಳಿದ ಹುಡುಗಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಲ್ಲಿ ನೀನು "ಕಾರ್ಟೂನಲ್ಲಿ ಎಂಥಾ ಲವ್ವು ಮಾರಾಯ, ಎರಡು ಹಾಡು, ಒಂದು ಮುತ್ತು, ಆಮೇಲೆ ಎಲ್ಲಾ ಸುಖವಾಗಿದ್ರು ಅಂತ ಮುಗಿಸ್ತಾರೆ" ಅಂದ್ಬಿಟ್ಟು ಸೀದಾ ಆಫೀಸ್ ವಿಷಯಕ್ಕೆ ಹೋಗ್ಬಿಟ್ಟೆ. ನನಗೆ ಅದನ್ನ ಅಲ್ಲಿಗೇ ಬಿಡಕ್ಕಾಗ್ಲಿಲ್ಲ ಕಣೋ. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಂಬರ್ಧ ಆಗುತ್ತೆ ಅಂತ ಕೂತು ಬರೀತಿದೀನಿ, ನಿನ್ನ ಥರಾನೇ ಅನ್ಕೊಂಡಿರೋರು ಇನ್ನೂ ತುಂಬಾ ಜನ ಇರ್ತಾರಲ್ಲ, ಅವರೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ.

ಹಳೇ ಸಿನಿಮಾಗಳ ಮಟ್ಟಿಗೆ ನಿನ್ನ ಮಾತು ಒಪ್ತೀನಿ. 1937ರ 'ಸ್ನೋ ವೈಟ್'ನಲ್ಲಿ ರಾಜಕುಮಾರ ಬಾವಿ ಹತ್ರ ಬಂದು ಒಂದು ಹಾಡು ಹೇಳಿ ಹೋದ್ರೆ ಮತ್ತೆ ಮುಖ ತೋರ್ಸೋದು ಕೊನೇಲಿ, ಗಾಜಿನ ಪೆಟ್ಟಿಗೆ ಮುಂದೆ. ಅದಕ್ಕೆ ಕಾರಣ ಕಥೆಯದ್ದಷ್ಟೇ ಅಲ್ಲ, ಕುಂಚದ್ದೂ ಹೌದು. ಆಗಿನ ಕಲಾವಿದರಿಗೆ ಕುಳ್ಳರು, ಪ್ರಾಣಿಗಳು ಕೈಗೆ ಬರ್ತಿದ್ವು, ನಿಜವಾದ ಗಂಡಸಿನ ಥರ ನಡೆಯೋ ನಗೋ ಒಬ್ಬನನ್ನ ಬರೆಯೋದು ಮಾತ್ರ ಬಲು ಕಷ್ಟ ಆಗ್ತಿತ್ತು, ಹಾಗಾಗಿ ಅವನ ಪಾತ್ರಾನೇ ಮೊಟಕು ಮಾಡಿದ್ರು. 1959ರ 'ಸ್ಲೀಪಿಂಗ್ ಬ್ಯೂಟಿ' ಹೊತ್ತಿಗೆ ರಾಜಕುಮಾರನಿಗೆ ಒಂದು ಹೆಸರು, ಒಂದು ಕುದುರೆ, ಡ್ರ್ಯಾಗನ್ ಜೊತೆ ಒಂದು ಫೈಟು ಎಲ್ಲಾ ಸಿಕ್ತು, ಆದ್ರೂ ಅವನಿಗೂ ನಾಯಕಿ ಅರೋರಾಗೂ ಇರೋ ಪರಿಚಯ ಅಂದ್ರೆ ಕಾಡಲ್ಲಿ ಒಂದು ಡ್ಯಾನ್ಸು, ಅಷ್ಟೇ. ಹೆಸರು ಕೇಳಿದ್ರೆ ಅದನ್ನೂ ಹೇಳದೆ ಓಡ್ತಾಳೆ.

1989ರ 'ಲಿಟ್ಲ್ ಮರ್ಮೇಡ್' ಬಗ್ಗೆ ಮಾತ್ರ ಪೂರ್ತಿ ಒಪ್ಪಲ್ಲ. ಮೂರನೇ ದಿನ ಸೂರ್ಯ ಮುಳುಗೋದ್ರೊಳಗೆ ಮುತ್ತು ಸಿಗ್ಬೇಕು ಅನ್ನೋ ಗಡುವಿನಲ್ಲಿ ಪ್ರೀತಿ ಹುಟ್ಟುತ್ತೆ ಅಂದ್ರೆ ನಂಬೋದು ಕಷ್ಟ, ನಿಜ. ಆದ್ರೆ ಗಮನಿಸಿ ನೋಡು, ಮತ್ಸ್ಯಕನ್ಯೆ ಏರಿಯಲ್ ಮನುಷ್ಯರ ಲೋಕಕ್ಕೆ ಹಂಬಲಿಸಿ ಹಾಡೋ ಆ ಹಾಡು ಬರೋದು ರಾಜಕುಮಾರ ಎರಿಕ್‌ನ ನೋಡೋಕೂ ಮುಂಚೆ. ಅವಳ ಗುಹೆ ತುಂಬಾ ಮುಳುಗಿದ ಹಡಗುಗಳ ಸಾಮಾನು, ಒಂದು ಫೋರ್ಕ್ ಯಾತಕ್ಕೆ ಅಂತಾನೂ ಗೊತ್ತಿಲ್ದೆ ಜೋಪಾನ ಮಾಡಿಟ್ಟಿರ್ತಾಳೆ. ಅವಳ ಆಸೆ ಅವಳದ್ದೇ. ಆ ಕಡೆ ಎರಿಕ್‌ಗೆ ಇರೋದು ಒಂದು ದನಿಯ ನೆನಪು ಮಾತ್ರ. ಹಾಗಾಗಿ ಆ ಪ್ರೀತೀಲಿ ನನಗೆ ಹುಡುಗಿ ಪೂರ್ತಿ ನಂಬಿಕೆ ಆಗ್ತಾಳೆ, ಹುಡುಗ ಆಗಲ್ಲ.

ಇಲ್ಲಿ ನೀನು ಒಂದು ವಿಷಯ ಯೋಚ್ನೆ ಮಾಡ್ಬೇಕು. ಮಾಮೂಲಿ ಸಿನಿಮಾದಲ್ಲಿ ಇಬ್ಬರು ಒಳ್ಳೆ ನಟರು ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡಿದ್ರೆ ಸಾಕು, ಕಥೇಲಿ ಏನೂ ಇಲ್ದಿದ್ರೂ ಮಿಕ್ಕಿದ್ದನ್ನ ನಾವೇ ತುಂಬ್ಕೋತೀವಿ, ಕೆಮಿಸ್ಟ್ರಿ ಅಂತೀವಲ್ಲ ಅದೇ. ಅನಿಮೇಷನ್‌ನಲ್ಲಿ ಅದು ಪುಕ್ಕಟೆ ಸಿಗಲ್ಲ. ಹಾಲಿವುಡ್‌ನಲ್ಲಿ ದನಿ ಕೊಡೋ ಇಬ್ಬರು ಎಷ್ಟೋ ಸಲ ಬೇರೆ ಬೇರೆ ದಿನ ಬಂದು ಒಬ್ಬೊಬ್ಬರೇ ಮೈಕ್ ಮುಂದೆ ನಿಂತು ಹೇಳಿ ಹೋಗಿರ್ತಾರೆ, ಒಂದು ಸೆಕೆಂಡಿಗೆ 24 ಫ್ರೇಮು, ಅದರಲ್ಲಿ ರೆಪ್ಪೆ ಯಾವಾಗ ಮಿಟುಕ್ಬೇಕು ಅನ್ನೋದನ್ನೂ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿ ಬರೀಬೇಕು. ಹಾಗಾಗಿ ಆ ಪ್ರೀತಿ ನಂಬೋ ಹಾಗೆ ಆಗ್ಬೇಕು ಅಂದ್ರೆ ಒಂದೇ ದಾರಿ, ಅವರಿಬ್ಬರೂ ಏನಾದ್ರೂ ಮಾಡ್ಬೇಕು, ಕೈಯಲ್ಲಿ, ಮೈಯಲ್ಲಿ, ನಮ್ಮ ಕಣ್ಣೆದುರಿಗೆ.

'ಬ್ಯೂಟಿ ಅಂಡ್ ದಿ ಬೀಸ್ಟ್' (1991) ತಗೋ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿಗೆ ನಾಮಿನೇಟ್ ಆದ ಮೊದಲನೇ ಅನಿಮೇಷನ್ ಸಿನಿಮಾ ಅದು. ಎಲ್ಲರ ನೆನಪಲ್ಲಿ ಉಳಿದಿರೋದು ಹಳದಿ ಗೌನು, ದೊಡ್ಡ ಹಾಲಲ್ಲಿ ಆ ಡ್ಯಾನ್ಸು. ನನಗೆ ನಂಬಿಕೆ ಹುಟ್ಟಿದ್ದು ಊಟದ ಮೇಜಿನ ಹತ್ರ. ಶಾಪದಿಂದ ಮೃಗ ಆಗಿರೋ ರಾಜಕುಮಾರ ಬೀಸ್ಟ್ ಮೊದಲು ಬಟ್ಟಲಿಗೇ ಮುಖ ಇಟ್ಟು ತಿಂತಾನೆ, ಮುಖ ಎಲ್ಲಾ ಮೆತ್ಕೊಂಡಿರುತ್ತೆ, ನಾಯಕಿ ಬೆಲ್ ನೋಡಕ್ಕಾಗ್ದೆ ಮುಖ ತಿರುಗಿಸ್ತಾಳೆ. ಆಮೇಲೆ ಅವನು ಆ ದೊಡ್ಡ ಪಂಜದಲ್ಲಿ ಚಮಚ ಹಿಡಿಯೋಕೆ ಒದ್ದಾಡ್ತಾನೆ, ಆಗಲ್ಲ. ಅವಳು ತನ್ನ ಚಮಚ ಕೆಳಗಿಟ್ಟು ಬಟ್ಟಲನ್ನೇ ಎತ್ತಿ ಹಿಡೀತಾಳೆ, ಅವನೂ ಎತ್ತುತಾನೆ, ಇಬ್ಬರೂ ಬಟ್ಟಲಿಂದಾನೇ ಕುಡೀತಾರೆ. ಒಂದು ಮಾತಿಲ್ಲ. ಅವನು ಅವಳ ಕಡೆ ಒಂದು ಹೆಜ್ಜೆ, ಅವಳು ಅವನ ಕಡೆ ಒಂದು ಹೆಜ್ಜೆ. ಆಮೇಲೆ ಎಷ್ಟು ಬೇಕಾದ್ರೂ ಡ್ಯಾನ್ಸ್ ಮಾಡ್ಲಿ, ನಾನು ನಂಬ್ತೀನಿ.

ಇನ್ನೊಂದು ಹೇಳ್ತೀನಿ, ಇದು ನನಗೆ ತುಂಬಾ ಇಷ್ಟದ್ದು. 'ವಾಲ್-ಈ' (2008) ನೋಡಿದೀಯ ತಾನೇ? ವಾಲ್-ಈ, ಈವ್ ಇಬ್ಬರೂ ರೋಬೋಗಳು. ಈವ್ ತಾನು ಹುಡುಕ್ತಿದ್ದ ಗಿಡ ಸಿಕ್ಕ ತಕ್ಷಣ ಅದನ್ನ ಒಳಗಿಟ್ಕೊಂಡು ಆಫ್ ಆಗ್ಬಿಡ್ತಾಳೆ, ಅವಳಿಗೆ ಏನೂ ಗೊತ್ತಾಗಲ್ಲ. ವಾಲ್-ಈ ಅವಳನ್ನ ಬಿಟ್ಟು ಹೋಗಲ್ಲ, ಮಳೇಲಿ ಅವಳಿಗೆ ಕೊಡೆ ಹಿಡಿದು ನಿಲ್ತಾನೆ, ಸಿಡಿಲು ಅವನಿಗೇ ಹೊಡೆಯುತ್ತೆ, ಆದ್ರೂ ಹೋಗಲ್ಲ. ಇದೆಲ್ಲಾ ನಾವು ನೋಡಿದೀವಿ, ಅವಳು ನೋಡಿಲ್ಲ. ಸಿನಿಮಾದಲ್ಲಿ ಎಷ್ಟೋ ಹೊತ್ತಾದ ಮೇಲೆ ಬಾಹ್ಯಾಕಾಶದ ಹಡಗಲ್ಲಿ ತನ್ನೊಳಗೇ ರೆಕಾರ್ಡ್ ಆಗಿದ್ದ ವಿಡಿಯೋ ಓಡ್ದಾಗ ಅವಳಿಗೆ ಗೊತ್ತಾಗುತ್ತೆ. ಅವಳ ಮನಸ್ಸು ತಿರುಗೋದು ಅಲ್ಲಿ. ಇದನ್ನ ನೋಡ್ದಾಗೆಲ್ಲ ನನಗೆ ಜೇನ್ ಆಸ್ಟಿನ್ ನೆನಪಾಗ್ತಾಳೆ. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಡಾರ್ಸಿ ಎಲಿಜಬೆತ್‌ಳ ಓಡಿಹೋದ ತಂಗಿಯ ಮಾನ ಉಳಿಸೋಕೆ ದುಡ್ಡು ಸುರಿದು ಅವಳ ಮದುವೆ ಮಾಡ್ಸಿ, ಯಾರಿಗೂ ಹೇಳ್ಬೇಡಿ ಅಂದಿರ್ತಾನೆ, ಎಲಿಜಬೆತ್‌ಗೆ ಪೂರ್ತಿ ಗೊತ್ತಾಗೋದು ಅತ್ತೆ ಬರೆದ ಕಾಗದದಿಂದ. ಇನ್ನೂರು ವರ್ಷದ ಹಿಂದಿನ ಕಾದಂಬರಿಗೂ ಮಾತೇ ಬರದ ರೋಬೋಗಳಿಗೂ ಒಂದೇ ಉಪಾಯ, ತಾನು ನೋಡ್ದೇ ಇದ್ದಾಗ ಅವನು ಹೇಗಿದ್ದ ಅನ್ನೋದು ಅವಳಿಗೆ ಗೊತ್ತಾಗ್ಬೇಕು. 1908ರ 'ಆನ್ ಆಫ್ ಗ್ರೀನ್ ಗೇಬಲ್ಸ್'ನಲ್ಲೂ ಅಷ್ಟೇ, ಸ್ಲೇಟಲ್ಲಿ ತನ್ನ ತಲೆಗೆ ಹೊಡೆದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ಹುಡುಗೀಗೋಸ್ಕರ ಗಿಲ್ಬರ್ಟ್ ತನಗೆ ಸಿಕ್ಕಿದ್ದ ಊರಿನ ಸ್ಕೂಲ್ ಕೆಲಸಾನೇ ಬಿಟ್ಕೊಡ್ತಾನೆ, ಅದೂ ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗುತ್ತೆ. ಎದುರಿಗೆ ಮಂಡಿಯೂರಿ ಹೇಳೋ ಡೈಲಾಗಿಗಿಂತ ಇದು ನೂರು ಪಾಲು ಗಟ್ಟಿ ಅಲ್ವೇನೋ?

ನಮ್ಮ ವಾರಪತ್ರಿಕೆ ಧಾರಾವಾಹಿಗಳು ಎಡವೋದು ಇಲ್ಲೇ ಅನ್ಸುತ್ತೆ ನನಗೆ. ಪ್ರತಿ ವಾರ ಕೊನೇ ಸಾಲಲ್ಲಿ ಒಂದು ಕುತೂಹಲ ಇಟ್ಟು ನಿಲ್ಲಿಸ್ಬೇಕು, ಅದಕ್ಕೆ ಇಬ್ಬರ ಮಧ್ಯೆ ಒಂದು ತಪ್ಪು ತಿಳುವಳಿಕೆ ಹಾಕಿ ಅದನ್ನೇ ತಿಂಗಳುಗಟ್ಟಲೆ ಎಳೀತಾರೆ, ಕೂತು ಐದು ನಿಮಿಷ ಮಾತಾಡಿದ್ರೆ ಬಗೆಹರಿಯೋ ವಿಷಯ. ಓದೋವಾಗ ಮಜಾ ಬರುತ್ತೆ, ನಾನೂ ಅಮ್ಮನ ಜೊತೆ ಕಿತ್ತಾಡ್ಕೊಂಡು ಓದಿದೀನಿ, ಆದ್ರೆ ಅವರಿಬ್ಬರೂ ಜೊತೇಲಿ ಒಂದು ಕೆಲಸ ಮಾಡಿದ್ದು ಒಂದೂ ನೆನಪಿಲ್ಲ. ಅದೇ ನಮ್ಮ ಜನಪ್ರಿಯ ಕಾದಂಬರಿಗಳಲ್ಲೇ ತ್ರಿವೇಣಿಯವರ 'ಶರಪಂಜರ' ನೋಡು. ಕಾವೇರಿ ಸತೀಶ ಇಷ್ಟಪಟ್ಟೇ ಮದುವೆ ಆದವರು, ಬೇರೆಯವರಾಗಿದ್ರೆ ಅಲ್ಲಿಗೆ ಕಥೆ ಮುಗಿಸ್ತಿದ್ರು. ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ಬಂದು ಆಸ್ಪತ್ರೆ ಸೇರಿ ವಾಸಿಯಾಗಿ ಮನೆಗೆ ಬಂದ ಹೆಂಡ್ತಿಯನ್ನ ಆ ಗಂಡ ಹೇಗೆ ನೋಡ್ತಾನೆ ಅನ್ನೋದೇ ಅಲ್ಲಿ ಪ್ರೀತಿಯ ಪರೀಕ್ಷೆ, ಅವನು ಅದರಲ್ಲಿ ಸೋಲ್ತಾನೆ. ಓದಿದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಒಂದಕ್ಷರ ಸುಳ್ಳು ಅನ್ಸಲ್ಲ.

'ಅಪ್' (2009) ಬಗ್ಗೆ ಉದ್ದ ಬರೆಯಲ್ಲ, ನೀನೂ ಅತ್ತಿದೀಯ ಅಂತ ಗೊತ್ತು. ಕಾರ್ಲ್‌ನ ಹೆಂಡ್ತಿ ಎಲೀ ಬೆಳಗ್ಗೆ ಬೆಳಗ್ಗೆ ಅವನಿಗೆ ಟೈ ಕಟ್ತಾಳಲ್ಲ, ಟೈ ಬದಲಾಗ್ತಾ ಹೋಗುತ್ತೆ, ವಯಸ್ಸಾಗ್ತಾ ಹೋಗುತ್ತೆ. ಪ್ರವಾಸಕ್ಕೆ ಅಂತ ಕೂಡಿಡೋ ಆ ಗಾಜಿನ ಜಾಡಿ ಒಂದ್ಸಲ ಕಾರಿನ ಟೈರಿಗೆ, ಒಂದ್ಸಲ ಮುರಿದ ಕಾಲಿಗೆ, ಒಂದ್ಸಲ ಮನೆ ಚಾವಣಿಗೆ ಅಂತ ಒಡೀತಾನೇ ಇರುತ್ತೆ. ನಮ್ಮ ಅಪ್ಪ ಅಮ್ಮಂದಿರ ಸಂಸಾರ ಇದಕ್ಕಿಂತ ಬೇರೆ ಏನಿತ್ತು ಹೇಳು.

'ಫ್ರೋಜನ್' (2013) ಬಗ್ಗೆ ಜನ ಹೇಳೋದು ಅದು ಹಳೇ ಕಥೆಗಳಿಗೆ ಉತ್ತರ ಕೊಡ್ತು ಅಂತ. ಹೌದು, ಇವತ್ತು ಪರಿಚಯ ಆದವನನ್ನ ಇವತ್ತೇ ಮದುವೆ ಆಗಕ್ಕಾಗಲ್ಲ ಅಂತ ಆನಾಗೆ ಅವಳ ಅಕ್ಕ ಹೇಳೋದು ಚೆನ್ನಾಗಿದೆ. ಆಮೇಲೆ ದಾರೀಲಿ ಜೊತೆಯಾದ ಕ್ರಿಸ್ಟಾಫ್ ಗಾಡೀಲಿ ಹೋಗ್ತಾ ನೀನು ಮದುವೆ ಆಗ್ತೀನಿ ಅಂದವನ ಸರ್‌ನೇಮ್ ಏನು, ಏನು ತಿನ್ನೋದಂದ್ರೆ ಇಷ್ಟ, ಕಣ್ಣಿನ ಬಣ್ಣ ಯಾವುದು ಅಂತ ಒಂದೊಂದೇ ಕೇಳ್ದಾಗ ಆನಾಗೆ ಒಂದಕ್ಕೂ ನೆಟ್ಟಗೆ ಉತ್ತರ ಬರಲ್ಲ. ಆದ್ರೆ ನನಗೆ ಆ ಸಿನಿಮಾ ಇಷ್ಟ ಆಗಿದ್ದು ಬೇರೆ ಕಾರಣಕ್ಕೆ, ವರ್ಷಾನುಗಟ್ಟಲೆ ಮುಚ್ಚಿದ ಬಾಗಿಲ ಹಿಂದೆ, ಮಾತಾಡ್ಸೋರಿಲ್ದೆ ಬೆಳೆದ ಹುಡುಗಿ ಮೊದಲನೇ ಸಲ ನಗುಮುಖದಿಂದ ಮಾತಾಡ್ಸಿದವನನ್ನ ಒಂದೇ ದಿನದಲ್ಲಿ ನಂಬ್ಬಿಡ್ತಾಳೆ ಅನ್ನೋದು ಎಷ್ಟು ನಿಜ! ಮೋಸ ಹೋಗೋದನ್ನೂ ನಂಬೋ ಹಾಗೆ ಬರೀಬೇಕಲ್ವಾ.

ಈಗ ನಾನು ಇಷ್ಟೆಲ್ಲಾ ಬರೆಯೋಕೆ ನಿಜವಾದ ಕಾರಣ ಹೇಳ್ತೀನಿ. ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಜಿಬ್ಲಿಯ 'ವಿಸ್ಪರ್ ಆಫ್ ದಿ ಹಾರ್ಟ್', 1995ರದ್ದು. ಚಿತ್ರಕಥೆ ಆ ಸಂಸ್ಥೆಯ ಹೆಸರಾಂತ ನಿರ್ದೇಶಕ ಮಿಯಾಜಾಕಿಯದ್ದು, ನಿರ್ದೇಶನ ಯೋಶಿಫುಮಿ ಕೊಂಡೊ ಅಂತ, ಅವರು ನಿರ್ದೇಶನ ಮಾಡಿದ ಒಂದೇ ಒಂದು ಪೂರ್ಣ ಸಿನಿಮಾ ಇದು, 1998ರಲ್ಲಿ 47ನೇ ವಯಸ್ಸಿಗೇ ತೀರ್ಕೊಂಡ್ರು. ಟೋಕಿಯೋದ ಅಂಚಿನ ಒಂದು ಊರು, ಚಿಕ್ಕ ಫ್ಲ್ಯಾಟು, ಬಟ್ಟೆ ಪುಸ್ತಕ ಪಾತ್ರೆ ಎಲ್ಲಾ ಒಂದೇ ರೂಮಲ್ಲಿ ತುಂಬ್ಕೊಂಡಿರೋ ಮನೆ. ಶಿಜುಕು ಅನ್ನೋ ಸ್ಕೂಲ್ ಹುಡುಗಿ, ಪುಸ್ತಕದ ಹುಚ್ಚು. ಲೈಬ್ರರಿ ಪುಸ್ತಕದ ಹಿಂದೆ ಕಾರ್ಡ್ ಇರ್ತಿತ್ತಲ್ಲ, ತಗೊಂಡೋರ ಹೆಸರು ಬರೆಯೋದು, ಅದರಲ್ಲಿ ತಾನು ಓದೋ ಪ್ರತಿ ಪುಸ್ತಕದಲ್ಲೂ ತನಗಿಂತ ಮುಂಚೆ ಅಮಸಾವಾ ಸೇಜಿ ಅನ್ನೋ ಒಬ್ಬನೇ ಹುಡುಗನ ಹೆಸರಿರೋದನ್ನ ನೋಡ್ತಾಳೆ. ಆಮೇಲೆ ಗೊತ್ತಾಗುತ್ತೆ, ಅವಳಿಗಿಂತ ಮುಂಚೆ ತನ್ನ ಹೆಸರು ಬರ್ಲಿ ಅಂತಾನೇ ಅವನು ಅಷ್ಟೊಂದು ಪುಸ್ತಕ ಓದಿರ್ತಾನೆ.

ಇಲ್ಲಿವರೆಗೆ ಯಾರು ಬೇಕಾದ್ರೂ ಬರೀಬಹುದು ಅನ್ನು. ಆಮೇಲಿಂದು ನೋಡು. ಸೇಜಿಗೆ ಪಿಟೀಲು ಮಾಡೋನಾಗ್ಬೇಕು ಅಂತ ಆಸೆ, ಅದಕ್ಕೆ ಇಟಲಿಯ ಕ್ರೆಮೋನಾಗೆ ಎರಡು ತಿಂಗಳು ಕಲಿಯೋಕೆ ಹೊರಡ್ತಾನೆ. ಶಿಜುಕುಗೆ ಖುಷಿ ಆಗುತ್ತೆ, ಅದರ ಜೊತೆಗೇ ಒಂದು ಭಯ ಶುರುವಾಗುತ್ತೆ, ಅವನಿಗೆ ದಾರಿ ಗೊತ್ತಿದೆ, ನನಗೆ ಏನು ಗೊತ್ತಿದೆ ಅಂತ. ಅವನು ಬಿಟ್ಟು ಹೋಗ್ತಾನೇನೋ ಅನ್ನೋ ಭಯ ಅಲ್ಲ ಅದು, ಅವನ ಸಮಕ್ಕೆ ನಿಲ್ಲಕ್ಕಾಗುತ್ತಾ ಅನ್ನೋದು. ಹಾಗಾಗಿ ಅವಳು ಒಂದು ಕಥೆ ಬರೆಯೋಕೆ ಕೂರ್ತಾಳೆ, ಊಟ ನಿದ್ದೆ ಬಿಟ್ಟು, ಪರೀಕ್ಷೆಗೆ ಓದೋದೂ ಬಿಟ್ಟು. ಮಾರ್ಕ್ಸ್ ಬಿದ್ದು ಮನೇಲಿ ರಂಪ ಆಗುತ್ತೆ. ಅಪ್ಪ ಬೈಯಲ್ಲ, ನಿನಗೆ ಸರಿ ಅನ್ಸಿದ್ದು ಮಾಡು, ಆದ್ರೆ ಎಲ್ಲರಿಗಿಂತ ಬೇರೆ ದಾರಿ ಹಿಡಿಯೋದು ಸುಲಭ ಅಲ್ಲ, ಏನಾದ್ರೂ ಆದ್ರೆ ಬೇರೆ ಯಾರ ಮೇಲೂ ತಪ್ಪು ಹಾಕಕ್ಕಾಗಲ್ಲ ಅಂತಾನೆ. ಬರೆದು ಮುಗಿಸಿ ಸೇಜಿಯ ತಾತನಿಗೆ ಕೊಟ್ಟು, ಅವರು ಓದಿ ಮುಗಿಸೋವರೆಗೂ ಚಳೀಲಿ ಹೊರಗೇ ಕೂತಿರ್ತಾಳೆ, ಆಮೇಲೆ ನಾನು ಅನ್ಕೊಂಡಂಗೆ ಬಂದಿಲ್ಲ, ಇನ್ನೂ ಎಷ್ಟೋ ಕಲೀಬೇಕು ಅಂತ ಗೊಳೋ ಅಂತ ಅಳ್ತಾಳೆ, ಆ ಮುದುಕ ಬಿಸಿಬಿಸಿ ನೂಡಲ್ಸ್ ಮಾಡಿ ಬಡಿಸ್ತಾನೆ. ಈ ಭಾಗದಲ್ಲಿ ಹುಡುಗ ಹೆಚ್ಚುಕಮ್ಮಿ ಎದುರಿಗೆ ಇಲ್ಲವೇ ಇಲ್ಲ, ಆದ್ರೂ ನನ್ನ ಪ್ರಕಾರ ಲವ್ ಸ್ಟೋರಿ ನಡೀತಿರೋದು ಇಲ್ಲೇ.

ಕೊನೇಲಿ ಅವನು ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ವಾಪಸ್ ಬಂದು, ಬೆಳಕು ಹರಿಯೋ ಮುಂಚೆ ಅವಳ ಮನೆ ಕೆಳಗೆ ಸೈಕಲ್ ಹಿಡ್ಕೊಂಡು ನಿಂತಿರ್ತಾನೆ. ಹಿಂದೆ ಕೂರಿಸ್ಕೊಂಡು ಹೊರಡ್ತಾನೆ, ಏರು ಬರುತ್ತೆ. ಅವನಿಗೆ ಉಸಿರು ಕಟ್ಟುತ್ತೆ, ನಾನು ಇಳೀತೀನಿ ಅಂತಾಳೆ, ಅವನು ಬೇಡ, ನಿನ್ನ ಕೂರಿಸ್ಕೊಂಡೇ ಈ ಏರು ಹತ್ತುತೀನಿ ಅಂತ ತೀರ್ಮಾನ ಮಾಡಿದೀನಿ ಅಂತಾನೆ. ಬೇರೆ ಸಿನಿಮಾ ಆಗಿದ್ರೆ ಅವಳು ಅವನ ಬೆನ್ನಿಗೆ ತಲೆ ಇಟ್ಟು ಕಣ್ಣು ಮುಚ್ತಿದ್ಲು. ಶಿಜುಕು ಅದು ನ್ಯಾಯ ಅಲ್ಲ, ನಿನಗೆ ಭಾರ ಆಗೋಕೆ ನನಗಿಷ್ಟ ಇಲ್ಲ, ನಾನೂ ನಿನ್ನ ಕೆಲಸಕ್ಕೆ ಬರ್ಬೇಕು ಅಂತ ಧುಮುಕಿ ಹಿಂದಿಂದ ಸೈಕಲ್ ತಳ್ಳೋಕೆ ಶುರು ಮಾಡ್ತಾಳೆ. ನಾನು ಎಷ್ಟು ಸಲ ನೋಡಿದ್ರೂ ಅಲ್ಲಿ ಗಂಟಲು ಕಟ್ಟುತ್ತೆ ಕಣೋ.

ಆಮೇಲೆ ಬೆಟ್ಟದ ಮೇಲೆ ಸೂರ್ಯ ಹುಟ್ಟೋವಾಗ ಅವನು ಮದುವೆ ಆಗ್ತೀಯಾ ಅಂತ ಕೇಳ್ತಾನೆ, ಅವಳು ಹೂಂ ಅಂತಾಳೆ. ನೀನು ಇಲ್ಲಿ "ಈ ವಯಸ್ಸಲ್ಲಿ ಮದುವೆ ಮಾತಾ!" ಅಂತ ಶುರು ಮಾಡ್ತೀಯ, ತುಂಬಾ ಜನಕ್ಕೆ ಅದೇ ತಕರಾರು. ಆ ವಯಸ್ಸಲ್ಲಿ ಮಾತು ಹಾಗೇ ಬರೋದು, ಅರ್ಧ ಯಾರೂ ಹೇಳಲ್ಲ. ಅವರು ನಿಜವಾಗ್ಲೂ ಮದುವೆ ಆಗ್ತಾರೋ ಇಲ್ವೋ ಸಿನಿಮಾ ಹೇಳಲ್ಲ, ಹೇಳ್ಬೇಕಾಗೂ ಇಲ್ಲ. ಆ ಬೆಳಗ್ಗೆ ಅವರಿಬ್ಬರಿಗೂ ಅದು ಖಂಡಿತ ನಿಜ, ನನಗೆ ಅಷ್ಟು ಸಾಕು.

ಇನ್ನೊಬ್ಬ ಇದಾನೆ ಅದರಲ್ಲಿ, ಸುಗಿಮುರಾ ಅಂತ. ಶಿಜುಕು ಜೊತೆ ಓದೋ ಹುಡುಗ, ದೇವಸ್ಥಾನದ ಹತ್ರ ನಿಲ್ಲಿಸಿ ಇಷ್ಟ ಅಂತ ಹೇಳ್ತಾನೆ, ಇಷ್ಟು ದಿನದಿಂದ ಫ್ರೆಂಡ್ಸ್ ಆಗೇ ಇದೀವಲ್ಲ ಅಂತಾಳೆ ಅವಳು, ಬರೀ ಫ್ರೆಂಡಾ, ಇನ್ನು ಮುಂದೇನೂ ಅಷ್ಟೇನಾ ಅಂತ ಕೇಳಿ ಹೊರಟು ಹೋಗ್ತಾನೆ. ಅವನಿಗೆ ಹಾಡಿಲ್ಲ, ಮಳೆ ಇಲ್ಲ, ಯಾರ ಮೇಲೂ ದ್ವೇಷ ಇಲ್ಲ, ಮಾರನೇ ದಿನ ಅದೇ ಕ್ಲಾಸಲ್ಲಿ ಕೂರ್ಬೇಕು. ಇಂಥವನನ್ನ ಎಷ್ಟು ಸಿನಿಮಾದಲ್ಲಿ ನೋಡಿದೀಯ ಹೇಳು.

ಈ ಶನಿವಾರ ಹೆಂಡ್ತಿ ಮಗಳನ್ನ ಕೂರಿಸ್ಕೊಂಡು ನೋಡು, ಇಂಗ್ಲಿಷ್ ಡಬ್ಬಿಂಗ್ ಬೇಡ, ಜಪಾನೀಸ್ ದನಿಯಲ್ಲೇ ಸಬ್‌ಟೈಟಲ್ ಹಾಕ್ಕೊಂಡು ನೋಡು. ನೋಡಿದ ಮೇಲೆ ಫೋನ್ ಮಾಡು, ಆ ಅಪ್ಪನ ಬಗ್ಗೆ ನಿನ್ನ ಹತ್ರ ತುಂಬಾ ಮಾತಾಡೋದಿದೆ.

ನಿನ್ನ ಗೆಳೆಯ