ಭದ್ರೆಯ ಜೊತೆಗೊಂದು ಸೈಕಲ್ ಹಾದಿ: ಗೆಳೆಯನಿಗೊಂದು ಪತ್ರ

ಚಿಕ್ಕಮಗಳೂರು

ಪ್ರಿಯ ಗೆಳೆಯ,

ಅಮೆರಿಕದ ಕಂಬರ್‌ಲ್ಯಾಂಡಿನಿಂದ ಪಿಟ್ಸ್‌ಬರ್ಗಿನವರೆಗೆ ಗ್ರೇಟ್ ಅಲೆಗೆನಿ ಪ್ಯಾಸೇಜ್ ಎಂಬ ವಾಹನರಹಿತ ಹಾದಿಯಲ್ಲಿ ಸೈಕಲ್ ತುಳಿದು ಬಂದ ಬಗ್ಗೆ ನೀನು ಬರೆದ ಪತ್ರ ತಲುಪಿತು. 240 ಕಿಲೋಮೀಟರ್ ಉದ್ದಕ್ಕೂ ಹಿಂದಿನಿಂದ ಒಂದು ಹಾರನ್ನೂ ಕೇಳಿಸದೆ, ಕಾಡು ಮತ್ತು ಹೊಳೆಯ ನಡುವೆಯೇ ಸಾಗಿದೆ ಎಂದು ಬರೆದಿದ್ದೀಯ. ಅಂಥ ಹಾದಿ ನಮ್ಮ ಜಿಲ್ಲೆಯಲ್ಲಿ ಸಿಗುವುದೇ ಎಂದೂ ಕೇಳಿದ್ದೀಯ. ಆ ಅರ್ಥದಲ್ಲಿ ಪೂರ್ತಿ ವಾಹನರಹಿತವಾದ ಹಾದಿ ಇಲ್ಲಿಲ್ಲ. ಆದರೆ ಅದಕ್ಕೆ ತೀರ ಹತ್ತಿರವಾದದ್ದು ಭದ್ರಾ ನದಿಯ ಕಣಿವೆಯಲ್ಲಿದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿನ್ನ ಪತ್ರದಲ್ಲಿದ್ದ ಒಂದು ಮಾತನ್ನು ಮಾತ್ರ ಮೊದಲು ಎತ್ತಿಕೊಳ್ಳಬೇಕು. ಆ ಮೌನ ಪ್ರಕೃತಿ ಕೊಟ್ಟ ವರದಂತಿತ್ತು ಎಂದಿದ್ದೀಯ. ಕಾಡು, ಹೊಳೆ ಪ್ರಕೃತಿ ಕೊಟ್ಟವೇ ಹೌದು. ಅಲ್ಲಿ ಮೋಟಾರು ವಾಹನ ಇಲ್ಲದಿರುವುದು ಮಾತ್ರ ಜನರು ಪಟ್ಟುಹಿಡಿದು ಸಾಧಿಸಿದ್ದು. ಕಂಬರ್‌ಲ್ಯಾಂಡಿನಿಂದ ಕಾನೆಲ್ಸ್‌ವಿಲ್‌ವರೆಗೆ ನೀನು ತುಳಿದದ್ದು ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಹಳಿಯ ಜಾಗ. 1975ರಲ್ಲಿ ಆ ಮಾರ್ಗದಲ್ಲಿ ರೈಲು ನಿಂತ ಮೇಲೆ, ಒಹಾಯೊಪೈಲ್ ಬಳಿಯ ಹದಿನೈದು ಕಿಲೋಮೀಟರಿನಷ್ಟು ಮೊದಲ ತುಂಡು ಸೈಕಲ್ಲಿಗೆ ತೆರೆದದ್ದು 1986ರಲ್ಲಿ. ಇಡೀ ಹಾದಿ ಪಿಟ್ಸ್‌ಬರ್ಗಿನ ತುದಿಯನ್ನು ಮುಟ್ಟುವ ಹೊತ್ತಿಗೆ 2013 ಬಂದಿತ್ತು. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದು ಎಂಬ ಕಾರಣಕ್ಕೆ ಅಂದಿನ ಎಂಜಿನಿಯರುಗಳು ಗುಡ್ಡ ಕೊರೆದು, ಹಳ್ಳಕ್ಕೆ ಸೇತುವೆ ಕಟ್ಟಿ, ನೂರು ಮೀಟರ್ ಸಾಗಿದರೆ ಎರಡು ಮೀಟರಿನಷ್ಟೂ ಏರದಂತೆ ನೆಲವನ್ನು ಹದಗೊಳಿಸಿದ್ದರು. ಬಿಗ್ ಸ್ಯಾವೇಜ್ ಸುರಂಗದಲ್ಲಿ ನಿನ್ನ ಮಂಡಿಗಳು ಸುಖವಾಗಿದ್ದುದು ಅವರ ದೆಸೆಯಿಂದ.

ಕಂಬರ್‌ಲ್ಯಾಂಡಿನಿಂದ ಆಚೆಗೆ, ಪೊಟೊಮ್ಯಾಕ್ ನದಿಯ ದಡದಲ್ಲೇ ವಾಷಿಂಗ್ಟನ್ನಿಗೆ ಇಳಿಯುವ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ಹಾದಿಯ ಕಥೆ ನನಗೆ ಇನ್ನೂ ಪ್ರಿಯವಾದದ್ದು. ಹೇಸರಗತ್ತೆಗಳು ಸರಕಿನ ದೋಣಿಗಳನ್ನು ಎಳೆದುಕೊಂಡು ನಡೆಯುತ್ತಿದ್ದ ದಡ ಅದು. 1924ರಲ್ಲಿ ಕಾಲುವೆಯ ಕೆಲಸ ನಿಂತು ಪಾಳುಬಿದ್ದಿತು. ಅದರ ಮೇಲೆ ಮೋಟಾರು ರಸ್ತೆ ಹಾಸಬೇಕೆಂಬ ಯೋಜನೆಯನ್ನು ಪತ್ರಿಕೆಯೊಂದು ಸಂಪಾದಕೀಯದಲ್ಲಿ ಬೆಂಬಲಿಸಿದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆ ಸಂಪಾದಕರನ್ನೇ ತನ್ನೊಡನೆ ಆ ದಾರಿಯಲ್ಲಿ ನಡೆಯಲು ಕರೆದರು. 1954ರಲ್ಲಿ ಆ ನಡಿಗೆ ನಡೆಯಿತು. ಪತ್ರಿಕೆ ತನ್ನ ನಿಲುವನ್ನು ಬದಲಿಸಿತು. 1971ರಲ್ಲಿ ಆ ಸುಮಾರು 297 ಕಿಲೋಮೀಟರ್ ದಡ ರಾಷ್ಟ್ರೀಯ ಉದ್ಯಾನವಾಯಿತು. ಮುಂದಿನ ಸಲ ನೀನು ಅದನ್ನೂ ಸೇರಿಸಿ ತುಳಿಯಬೇಕು.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಚಿಕ್ಕಮಗಳೂರಿಗೆ ಸೈಕಲ್ ತರುವವರೆಲ್ಲ ಮುಳ್ಳಯ್ಯನಗಿರಿಯ ಕಡೆಗೇ ಮುಖ ಮಾಡುತ್ತಾರೆ. ಕರ್ನಾಟಕದ ಅತಿ ಎತ್ತರದ ಶಿಖರವನ್ನು ಹತ್ತಿದ ತೃಪ್ತಿ ಅವರದಾಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ರಜೆಯ ದಿನಗಳಲ್ಲಿ ಆ ಕಿರಿದಾದ ಗಿರಿಯ ರಸ್ತೆಯಲ್ಲಿ ಕಾರುಗಳ ಸಾಲಿನ ನಡುವೆ ಉಸಿರು ಬಿಗಿಹಿಡಿದು ಏರುವುದನ್ನು ನಾನು ಪ್ರವಾಸವೆಂದು ಕರೆಯಲಾರೆ. ಗುಡ್ಡದ ನೆತ್ತಿಯನ್ನು ಬಿಟ್ಟು ಹೊಳೆಯ ಬದಿಯನ್ನು ಹಿಡಿದರೆ ಜಿಲ್ಲೆಯ ಬೇರೆಯೇ ಮುಖ ಕಾಣುತ್ತದೆ. ಭದ್ರೆ ಹುಟ್ಟುವುದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ತುಂಗೆ, ನೇತ್ರಾವತಿಯರ ಮೂಲವೂ ಅಲ್ಲೇ. ಅಲ್ಲಿಂದ ಅವಳು ಕಳಸಕ್ಕೆ, ಬಾಳೆಹೊನ್ನೂರಿಗೆ ಇಳಿದು, ಮುಂದೆ ಲಕ್ಕವಳ್ಳಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಹರಡಿಕೊಳ್ಳುತ್ತಾಳೆ.

ಗಂಗಾಮೂಲದ ಕಡೆಯ ಮೇಲಿನ ಭಾಗ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಆ ಸೀಮೆ ಬಹಳ ಶಾಂತವಾಗಿದೆ, ನಿಜ. ಆದರೂ ಕರಾವಳಿಯಿಂದ ಹೊರನಾಡಿಗೆ ಹೋಗುವ ವಾಹನಗಳಿಗೆ ಅದೇ ದಾರಿ, ಚೆಕ್‌ಪೋಸ್ಟಿನ ನಿಯಮಗಳೂ ಇವೆ. ಆದ್ದರಿಂದ ನಾವು ಕಳಸದಿಂದಲೇ ಹೊರಡೋಣ. ಕಳಸೇಶ್ವರನಿಗೆ ಕೈಮುಗಿದು, ಹತ್ತಿರದ ಅಂಬಾತೀರ್ಥಕ್ಕೆ ಹೋಗಿ ಬರೋಣ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದು ಇಟ್ಟರೆಂದು ಶಾಸನ ಹೇಳುವ ಬಂಡೆ ಅಲ್ಲಿದೆ. ಅದರ ಪಕ್ಕದಲ್ಲಿ ಭದ್ರೆ ಕಲ್ಲುಗಳ ಇಕ್ಕಟ್ಟಿನಲ್ಲಿ ನುಗ್ಗುವ ರಭಸವನ್ನು ನೋಡಿದರೆ, ಕೆಳಗೆ ಬಾಳೆಹೊನ್ನೂರಿನಲ್ಲಿ ಅಷ್ಟು ಅಗಲವಾಗಿ, ನಿಧಾನವಾಗಿ ಹರಿಯುವವಳು ಇವಳೇ ಎಂದು ನಂಬುವುದು ಕಷ್ಟ.

ಕಳಸದಿಂದ ಮಾಗುಂಡಿಯ ಮೇಲೆ ಬಾಳೆಹೊನ್ನೂರಿಗೆ ಇಳಿಯುವ ರಸ್ತೆಯೇ ನಾನು ಹೇಳಬೇಕೆಂದಿರುವ ಹಾದಿ. ಅದು ನೀನು ತುಳಿದ ಹಾದಿಯಂತೆ ಸಮತಟ್ಟಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ: ಇಲ್ಲಿ ಯಾರೂ ಗುಡ್ಡ ಕೊರೆದಿಲ್ಲವಾದ್ದರಿಂದ, ಹೊಳೆ ಸುತ್ತಿಕೊಂಡು ಹೋಗುವ ದಿಣ್ಣೆಗಳನ್ನು ರಸ್ತೆ ಹತ್ತಿಯೇ ಇಳಿಯುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ನೆರಳಿನಲ್ಲಿ ಸಣ್ಣ ಗೇರಿನಲ್ಲಿ ಏರುತ್ತೀಯ; ದಿಣ್ಣೆಯ ತುದಿಯಲ್ಲಿ ತಿರುವು ಕಳೆದೊಡನೆ ಅಡಿಕೆ ತೋಟದ ಸಂದಿನಿಂದ ನೀರು ಮಿನುಗುತ್ತದೆ; ಮತ್ತೆ ಇಳಿದರೆ ಹೊಳೆ ಪಕ್ಕದಲ್ಲೇ ಇರುತ್ತದೆ. ಮಹಲ್ಗೋಡಿನ ಬಳಿಯಂತೂ ರಸ್ತೆ ಎಷ್ಟು ತಗ್ಗಿನಲ್ಲಿದೆಯೆಂದರೆ ಜೋರು ಮಳೆಗಾಲದಲ್ಲಿ ಭದ್ರೆ ರಸ್ತೆಯ ಮೇಲೇ ಬಂದು ಕಳಸದ ದಾರಿಯನ್ನು ಕಟ್ಟಿಹಾಕುತ್ತಾಳೆ. ವಾರದ ನಡುವಿನ ದಿನ, ಬೆಳಗಿನ ಬಸ್ಸು ಮತ್ತು ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಪಿಕಪ್ ಗಾಡಿಗಳು ಹೋದ ಮೇಲೆ ಹೊರಟರೆ, ಬಹಳ ಹೊತ್ತು ನಿನ್ನ ಚೈನಿನ ಸದ್ದು, ಹೊಳೆಯ ಸದ್ದು, ಸರಳೆ ಸಿಳ್ಳಾರನ ಸಿಳ್ಳೆ, ಇಷ್ಟೇ ನಿನ್ನ ಜೊತೆಗಿರುತ್ತವೆ. ಶನಿವಾರ, ಭಾನುವಾರ ಮಾತ್ರ ಖಂಡಿತ ಬೇಡ; ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬರುವವರ ವಾಹನಗಳಿಗೆ ಕೊನೆಯೇ ಇರುವುದಿಲ್ಲ.

ಈ ಮೌನಕ್ಕೆ ಇನ್ನೊಂದು ಮುಖವಿದೆ, ಅದನ್ನು ನೀನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಾರು, ಬೈಕು ಬರುವುದು ಆನೆಗೆ ದೂರದಿಂದಲೇ ತಿಳಿಯುತ್ತದೆ. ಇಳಿಜಾರಿನಲ್ಲಿ ಜಾರಿಬರುವ ಸೈಕಲ್ ತಿಳಿಯುವುದಿಲ್ಲ. ಕಳೆದ ಚಳಿಗಾಲದಲ್ಲಿ ಆಲ್ದೂರಿನ ಕಡೆಯ ತೋಟದ ರಸ್ತೆಯೊಂದರಲ್ಲಿ ನಾನು ಹೋಗುತ್ತಿದ್ದಾಗ, ಮೋರಿಯ ಮೇಲೆ ಕುಳಿತಿದ್ದ ತೋಟದ ಮೇಸ್ತ್ರಿಯೊಬ್ಬರು ಎದ್ದು ಬಂದು, "ನಿಲ್ಲಿ ಸಾರ್, ಇನ್ನೂ ದಾಟಿಲ್ಲ," ಎಂದು ಕೈ ಅಡ್ಡ ಹಿಡಿದರು. ಏನು ದಾಟಿಲ್ಲ ಎಂದು ಕೇಳುವ ಅಗತ್ಯವಿರಲಿಲ್ಲ. ಧರೆಯ ಮೇಲಿನ ಬೈನೆ ಮರವೊಂದು ಬುಡದಿಂದ ಸೀಳಿ ಬಿದ್ದಿತ್ತು, ಅದರೊಳಗಿನ ಬಿಳಿಯ ತಿರುಳು ಇನ್ನೂ ಒದ್ದೆಯಾಗಿತ್ತು, ರಸ್ತೆಯ ಮೇಲಿನ ಲದ್ದಿಯಿಂದ ಹಬೆಯೇಳುತ್ತಿತ್ತು. ನಾವಿಬ್ಬರೂ ಮಾತಿಲ್ಲದೆ ಬಹಳ ಹೊತ್ತು ನಿಂತೆವು. ಕೊನೆಗೆ ಕಾಫಿ ಗಿಡಗಳ ಮೇಲೆ ಬೂದುಬಣ್ಣದ ಬೆನ್ನೊಂದು ಮೆಲ್ಲಗೆ ಸರಿದುಹೋಯಿತು. ನಾವು ಸವಾರಿಯ ಸುಖಕ್ಕೆಂದು ಹೋಗುವ ಆ ದಾರಿಯಲ್ಲಿ ಅವರು ದಿನವೂ ಕೆಲಸಕ್ಕೆ ನಡೆಯಬೇಕು. ಈ ಸೀಮೆಯಲ್ಲಿ ಆನೆಯಿಂದ ಜೀವ ಕಳೆದುಕೊಂಡವರಲ್ಲಿ ತೋಟದ ಕೂಲಿಯವರೇ ಹಲವರು. ಹಾಗಾಗಿ ನಸುಕಿನಲ್ಲಿ ಮತ್ತು ಸಂಜೆ ಐದರ ಮೇಲೆ ನಾವು ಸೈಕಲ್ ಹತ್ತುವುದಿಲ್ಲ, ಕುರುಡು ತಿರುವುಗಳಲ್ಲಿ ಬೆಲ್ ಹೊಡೆಯುತ್ತೇವೆ, ಹಿಂದಿನ ರಾತ್ರಿಯೇ ಆನೆ ಯಾವ ಕಡೆ ಇದೆಯೆಂದು ಸ್ಥಳೀಯರನ್ನು ವಿಚಾರಿಸಿಕೊಳ್ಳುತ್ತೇವೆ.

ಬಾಳೆಹೊನ್ನೂರಿನಿಂದ ಕೆಳಗೆ ನದಿಯನ್ನು ಅನುಸರಿಸಬಹುದೇ ಎಂದು ನೀನು ನಕ್ಷೆ ನೋಡಿ ಕೇಳಿಯೇ ಕೇಳುತ್ತೀಯ. ಅಲ್ಲಿಂದ ಮುಂದೆ ಹಿನ್ನೀರು ಮತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು ಎಂಬುದನ್ನು ತಿಳಿದಾಗ, ನನಗೂ ಮೊದಲು ಹೊಳೆದದ್ದು ನಿನಗೆ ಈಗ ಹೊಳೆಯುತ್ತಿರುವುದೇ: ಅದರ ಜಾಡನ್ನು ಹುಡುಕಿ ಸೈಕಲ್ ಹಾದಿ ಮಾಡಿದರೆ ಹೇಗೆ? ಯೋಚಿಸಿದ ಮೇಲೆ, ಕಾಡಿನ ಒಳಗೆ ಅದು ಬೇಡವೆಂದೇ ನನಗನ್ನಿಸಿತು. ಈ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿದ ನಂತರ ಅದರೊಳಗಿನ ಊರುಗಳ ಕುಟುಂಬಗಳು ತಲೆಮಾರುಗಳ ಗದ್ದೆ, ಮನೆ, ದೇವರಬನಗಳನ್ನು ಬಿಟ್ಟು ಎಂ.ಸಿ. ಹಳ್ಳಿಗೆ, ಕೆಳಗೂರಿಗೆ ಬಂದು ನೆಲೆಸಿದವು. ಅವರು ಅಷ್ಟನ್ನು ಬಿಟ್ಟುಕೊಟ್ಟ ಜಾಗದೊಳಕ್ಕೆ ನಾವು ಗಂಟೆ ಬಾರಿಸಿಕೊಂಡು ಹೋಗುವುದು ನ್ಯಾಯವಲ್ಲ.

ಆದರೆ ಅಣೆಕಟ್ಟೆಯ ಕೆಳಗೆ ಒಂದು ದಾರಿ ಸಿದ್ಧವಾಗಿಯೇ ಇದೆ, ಅದನ್ನು ಯಾರೂ ಆ ಕಣ್ಣಿನಿಂದ ನೋಡುತ್ತಿಲ್ಲ. ಲಕ್ಕವಳ್ಳಿಯಿಂದ ದಾವಣಗೆರೆಯ ಬಯಲಿಗೆ ನೀರೊಯ್ಯುವ ಬಲದಂಡೆ ನಾಲೆ ಸುಮಾರು 100 ಕಿಲೋಮೀಟರ್ ಉದ್ದವಿದೆ. ನಾಲೆಯ ನೀರು ತಾನಾಗಿ ಹರಿಯಬೇಕಾದ್ದರಿಂದ ಅದರ ಏರಿಯ ಮೇಲಿನ ದಾರಿಯೂ ಏರು-ಇಳಿತವಿಲ್ಲದೆ ಗುಡ್ಡದ ಮೈಯನ್ನು ಬಳಸಿಕೊಂಡು ಸಾಗುತ್ತದೆ. ಪೊಟೊಮ್ಯಾಕ್ ದಡದ ದಾರಿ ಸಮತಟ್ಟಾಗಿರುವುದಕ್ಕೂ ಕಾಲುವೆಯೇ ಕಾರಣ. ಅಲ್ಲಲ್ಲಿ ಏರಿ ಕುಸಿದಿದೆ, ಅಲ್ಲಲ್ಲಿ ಲಂಟಾನ ಮುಚ್ಚಿದೆ, ಕೆಲವು ಕಡೆ ಟ್ರ್ಯಾಕ್ಟರು, ಬೈಕು ಓಡಾಡುತ್ತವೆ. ನೀರಾವರಿ ಇಲಾಖೆ ಮತ್ತು ನಾಲೆಯ ರೈತರು ಒಪ್ಪಿ, ಏರಿಯನ್ನು ಗಟ್ಟಿ ಮಾಡಿ, ಡಾಂಬರು ಹಾಕದೆ ಜಲ್ಲಿ ಹಾಸಿ, ಕೃಷಿಯ ಗಾಡಿಗಳನ್ನು ಬಿಟ್ಟು ಉಳಿದ ಮೋಟಾರುಗಳನ್ನು ತಡೆದರೆ, ಶಾಲೆಗೆ ಹೋಗುವ ಮಕ್ಕಳೇ ಅದರ ಮೊದಲ ಸವಾರರಾಗುತ್ತಾರೆ. ಇದನ್ನು ಬರಿಯ ಹಂಬಲವೆಂದು ಬಿಟ್ಟುಬಿಡಲು ನನಗೆ ಇಷ್ಟವಿಲ್ಲ. ಅಲೆಗೆನಿಯ ಹಾದಿಯನ್ನು ನೋಡಿಕೊಳ್ಳುವ ಸ್ವಯಂಸೇವಕರು ಜಲ್ಲಿ, ಚರಂಡಿ, ಬಿದ್ದ ಮರಗಳ ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತಾರೆಂದು ನೀನು ವಿಚಾರಿಸಿ ಬರೆದರೆ, ನಾನು ಇಲ್ಲಿನ ನೀರು ಬಳಕೆದಾರರ ಸಂಘದವರ ಮುಂದೆ ಅದನ್ನು ಇಡುತ್ತೇನೆ.

ನೀನು ಬರುವುದಾದರೆ ಡಿಸೆಂಬರಿನ ಮೊದಲ ವಾರಗಳು ಒಳ್ಳೆಯದು. ಮಳೆ ನಿಂತು ಉಂಬಳಗಳ ಕಾಟ ಇಳಿದಿರುತ್ತದೆ, ಹೊಳೆಯಲ್ಲಿ ನೀರು ತುಂಬಿರುತ್ತದೆ, ಅರೇಬಿಕಾ ಹಣ್ಣಿನ ಕೊಯ್ಲು ನಡೆಯುತ್ತಿರುತ್ತದೆ. ವರ್ಷದ ಕೊನೆಯ ವಾರ ಬೇಡ. ಆಗ ಬೆಂಗಳೂರೇ ಇಲ್ಲಿಗೆ ಬಂದಿರುತ್ತದೆ. ಸೈಕಲ್ಲಿಗೆ ಸ್ವಲ್ಪ ದಪ್ಪ ಟೈರು ಹಾಕಿಸು, ಏಕೆಂದರೆ ಮಳೆ ಕೊಚ್ಚಿ ತಂದ ಪುಡಿಗಲ್ಲು ತಿರುವುಗಳ ಒಳಬದಿಯಲ್ಲಿ ಹಾಗೇ ಉಳಿದಿರುತ್ತದೆ. ನಿನ್ನ ಸೈಕಲ್ಲಿನ ಆ ತೆಳು ವಾಲ್ವಿನ ಟ್ಯೂಬು ಕಳಸದಲ್ಲಾಗಲಿ ಬಾಳೆಹೊನ್ನೂರಿನಲ್ಲಾಗಲಿ ಸಿಗುತ್ತದೆಂಬ ಭರವಸೆ ಇಲ್ಲ. ಎರಡು ಹೆಚ್ಚಿಗೆ ಇಟ್ಟುಕೊಂಡು ಬಾ. ಪಂಪು, ಪಂಕ್ಚರ್ ಸಾಮಾನು ನನ್ನ ಬಳಿ ಇವೆ. ದಿನಾಂಕ ತಿಳಿಸಿದರೆ ಕಳಸದಲ್ಲಿ ತಂಗುವ ವ್ಯವಸ್ಥೆಯನ್ನು ನಾನು ಮಾಡಿರುತ್ತೇನೆ.

ಇಂತಿ ನಿನ್ನ ಗೆಳೆಯ